ನನಗೇ ಹೇಳಿ ಎಂದಿದ್ದೆ

ನಮ್ಮ ಕಡೆ ಹೆಂಗಸಿಗೆ ದೊಡ್ಡ ಕಾಯಿಲೆ ಬಂದರೆ ಎಲ್ಲರಿಗಿಂತ ಕೊನೆಗೆ ತಿಳಿಯುವುದು ಅವಳಿಗೇ. ಚನ್ನರಾಯಪಟ್ಟಣದ ಹತ್ತಿರದ ನನ್ನ ತವರಿನಲ್ಲಿ ಚಿಕ್ಕಮ್ಮನ ಎದೆಯಲ್ಲಿ ಗಂಟಾದಾಗ ಗಂಡಸರೆಲ್ಲ ಡಾಕ್ಟರ ಕೋಣೆಗೆ ಹೋಗಿ ಬಂದು, ನೀರುಗುಳ್ಳೆ ಅಷ್ಟೇ, ಕರಗಿಹೋಗುತ್ತೆ ಎಂದರು. ಮನೆಯ ಹೆಂಗಸರಿಗೂ ಅದೇ ಮಾತನ್ನು ಕಲಿಸಿದರು. ಚಿಕ್ಕಮ್ಮ ಹೂಂ ಎನ್ನುತ್ತಿದ್ದಳು, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಕೇಳಬೇಕೆಂದಿದ್ದುದನ್ನು ಯಾರನ್ನೂ ಕೇಳದೆ ಹೋಗಿಬಿಟ್ಟಳು.

ಹಾಗಾಗಿ ನನ್ನ ಕೈಗೆ ಗಂಟು ಸಿಕ್ಕ ದಿನ ನನಗೆ ಮೊದಲು ಬಂದ ಹೆದರಿಕೆ ಸಾವಿನದಲ್ಲ. ಇವರೆಲ್ಲ ಸೇರಿ ನನಗೂ ನೀರುಗುಳ್ಳೆ ಅಂತಾರಲ್ಲ ಅನ್ನುವುದು.

ಅದು ಅವರೆಕಾಯಿ ಕಾಲ. ಸೊಗಡಿನ ಕಾಯಿ ಸುಲಿದು, ಕಾಳು ನೆನೆಹಾಕಿ, ಕೈಯ ವಾಸನೆ ಹೋಗಲಿ ಅಂತ ಚೆನ್ನಾಗಿ ಸೋಪು ಹಚ್ಚಿ ಸ್ನಾನಕ್ಕೆ ಕೂತಿದ್ದೆ. ಎಡಗಡೆ, ಕಂಕುಳಿಗೆ ಸ್ವಲ್ಪ ಈಚೆ, ನೆನೆದ ಅವರೆಕಾಳಿನಂಥದ್ದೇ ಒಂದು ಬೆರಳಿಗೆ ಸಿಕ್ಕಿತು. ಕಾಳಾದರೆ ಹಿಸುಕಿದರೆ ಜಾರಿಕೊಳ್ಳುತ್ತದೆ. ಇದು ಕೂತಲ್ಲೇ ಕೂತಿತ್ತು. ನೋವಿರಲಿಲ್ಲ. ನೋವಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ನೋವಿಲ್ಲದ್ದೇ ಕೆಟ್ಟದ್ದು ಅಂತ ಆಮೇಲೆ ಗೊತ್ತಾಯಿತು.

ನಾವಿರುವುದು ಹೊಳೆನರಸೀಪುರದಲ್ಲಿ. ನಮ್ಮನೆಯವರದು ತೆಂಗಿನಕಾಯಿ ಮಂಡಿ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಿನಿಂದ ಬಡಿದು, ಒಳಗೆ ಕೆಟ್ಟಿದೆಯೋ ಇಲ್ಲವೋ ಹೇಳುವವರು. ಅವರಿಗೆ ಹೇಳಿದೆ. ಮಾರನೆಯ ದಿನವೇ ಇಲ್ಲಿಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ಡಾಕ್ಟರು ಮುಟ್ಟಿ ನೋಡಿ, ತಡ ಮಾಡದೆ ಹಾಸನಕ್ಕೆ ಹೋಗಿ ಎಂದು ಚೀಟಿ ಬರೆದರು.

ಹೊರಡುವಾಗ ಅತ್ತೆ ಬಾಗಿಲಿಗೆ ಬಂದು ಹೇಳಿದ್ದು ಒಂದೇ. ಅಲ್ಲಿ ಮಿಷೀನಿಗೆ ಹಾಕುವಾಗ ತಾಳಿ ತೆಗೆಯಿರಿ ಅಂತಾರಂತೆ, ಏನಾದರೂ ಆಗಲಿ ತೆಗೀಬೇಡ ಎಂದು. ನಮ್ಮನೆಯವರಿಗೆ ಹಿಂದಿನ ವರ್ಷ ಎದೆನೋವು ಬಂದು ಸ್ಟೆಂಟ್ ಹಾಕಿಸಿದ್ದೆವು. ಅತ್ತೆಯ ಹೆದರಿಕೆಗೆ ಕಾರಣವಿತ್ತು. ನನಗೂ ಇತ್ತು. ಮದುವೆಯಾದಂದಿನಿಂದ ಅದು ಕುತ್ತಿಗೆ ಬಿಟ್ಟಿದ್ದಿಲ್ಲ. ಸರ ತುಂಡಾಗಿ ಅಕ್ಕಸಾಲಿಗರಿಗೆ ಕೊಟ್ಟಾಗಲೂ ಮೊದಲು ಅರಿಸಿನದ ಕೊಂಬು ಕಟ್ಟಿಕೊಂಡೇ ಬಿಚ್ಚಿದ್ದೆ.

ಹಾಸನದ ಆಸ್ಪತ್ರೆಯಲ್ಲಿ ಮ್ಯಾಮೋಗ್ರಾಂ ಕೋಣೆಯ ಸಿಸ್ಟರ್ ಅದನ್ನೇ ಹೇಳಿದರು, ಕೊರಳಲ್ಲಿರೋದೆಲ್ಲ ತೆಗೀರಿ ಎಂದು. ನಾನು ಸರವನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ. ಬೆನ್ನ ಮೇಲಕ್ಕೆ ಹಾಕಿಕೊಳ್ಳುತ್ತೇನೆ ಎಂದೆ. ಕೊರಳಲ್ಲಿ ಲೋಹ ಇರಬಾರದು, ಆಗಲ್ಲ ಅಂದರು. ಹಾಗಾದರೆ ನನಗೆ ಪರೀಕ್ಷೆಯೇ ಬೇಡ ಅಂತ ಸೆರಗು ಎಳೆದುಕೊಂಡೆ. ಬೈಯುತ್ತಾರೆ, ಹೊರಗೆ ಅಷ್ಟು ಜನ ಕಾಯುತ್ತಿದ್ದಾರೆ ಅಂತ ಕೂಗುತ್ತಾರೆ ಅಂದುಕೊಂಡೆ. ಅವರು ಬೈಯಲಿಲ್ಲ. ಹತ್ತಿ ಇಡುವ ಡ್ರಾಯರಿನಿಂದ ಒಂದು ಡಬ್ಬಿ ತೆಗೆದರು. ಅದರಲ್ಲಿ ಹಳದಿ ದಾರದ ಉಂಡೆ, ಅರಿಸಿನದ ಕೊಂಬುಗಳು.

ಅವರು ಅರಕಲಗೂಡು ಕಡೆಯವರು. ಒಬ್ಬರು ಹೀಗೇ ಹಟ ಮಾಡಿ ಎದ್ದು ಹೋದವರು ತಿರುಗಿ ಬರಲೇ ಇಲ್ಲವಂತೆ. ಅವತ್ತಿನಿಂದ ಇದನ್ನು ಇಟ್ಟುಕೊಂಡಿದ್ದಾರಂತೆ. ಕೊಂಬಿಗೆ ದಾರ ಸುತ್ತಿ ನನ್ನ ಕೊರಳಿಗೆ ಕಟ್ಟಲು ಬಂದವರು, ತಾವೇ ಕಟ್ಟದೆ ದಾರವನ್ನು ನನ್ನ ಕೈಗೆ ಕೊಟ್ಟು, ನೀವೇ ಕಟ್ಕೊಳ್ಳಿ ಎಂದರು. ಕಟ್ಟಿಕೊಂಡ ಮೇಲೆ ಕೊಂಬನ್ನು ಬೆನ್ನಿನ ಕಡೆ ಸರಿಸಿದರು. ಸರದ ಕೊಕ್ಕೆ ಎಣ್ಣೆ, ಬೆವರು ಕೂತು ಬಿಗಿದುಹೋಗಿತ್ತು. ಅವರೇ ನಿಧಾನವಾಗಿ ಬಿಡಿಸಿ, ಕರವಸ್ತ್ರದಲ್ಲಿ ಕಟ್ಟಿ ನನ್ನ ಕಣ್ಣೆದುರಿಗೇ ಇಟ್ಟರು. ಆಮೇಲೆ ಬಾಗಿಲು ಸ್ವಲ್ಪ ತೆರೆದು ಇಣುಕಿ ಬಂದರು.

"ನೋಡ್ಕೊಂಡ್ ಬಂದೆ ಕಣಮ್ಮಾ. ಯಜಮಾನ್ರು ಆರಾಮಾಗವ್ರೆ. ಬೋಂಡಾ ತಿಂತಾ ಅವ್ರೆ."

ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ಬೋಂಡಾ ತಿನ್ನುವುದೇ ಅಂತ ನನಗೆ ಕೋಪವೂ ಬಂತು, ನಗುವೂ ಬಂತು. ಆ ನಗುವಿನಲ್ಲೇ ಅವರು ನನ್ನನ್ನು ಮಿಷೀನಿನ ಮುಂದೆ ನಿಲ್ಲಿಸಿಬಿಟ್ಟಿದ್ದರು. ಶಾವಿಗೆ ಒರಳಿನ ಹಿಡಿ ಒತ್ತಿದ ಹಾಗೆ ಒತ್ತುತ್ತದೆ ಅದು. ಉಸಿರು ಬಿಗಿ ಹಿಡಿಯಿರಿ, ಬಿಡಿ, ಅನ್ನುತ್ತಿದ್ದರು. ಅವರ ಒಂದು ಕೈ ನನ್ನ ಬೆನ್ನ ಮೇಲೇ ಇತ್ತು.

ಮತ್ತೊಂದು ದಿನ ಸೂಜಿ ಹಾಕಿ ಗಂಟಿನ ಚೂರು ತೆಗೆದರು. ಮಾಡಿದ ಡಾಕ್ಟರಮ್ಮನಿಗೆ ನನ್ನ ತಂಗಿಯ ವಯಸ್ಸಿರಬಹುದು. ಪ್ರತಿ ಸಲ ಸೂಜಿ ಹಾಕುವ ಮೊದಲು, ಈಗ ಟಕ್ ಅಂತ ಶಬ್ದ ಬರುತ್ತೆ ಎಂದು ಹೇಳಿಯೇ ಹಾಕುತ್ತಿದ್ದರು. ಮುಗಿದ ಮೇಲೆ ಕೈಗವಸು ತೆಗೆಯುತ್ತಾ ಅವರು ಕೇಳಿದ ಮಾತನ್ನು ನಾನು ಮರೆಯುವುದಿಲ್ಲ.

"ರಿಪೋರ್ಟ್ ಬಂದಾಗ ಯಾರಿಗೆ ಹೇಳ್ಬೇಕಮ್ಮಾ? ನಿಮಗಾ, ಮನೆಯವರಿಗಾ?"

ಅಂಥ ಪ್ರಶ್ನೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. "ನನಗೇ ಹೇಳಿ ಮೇಡಂ. ಏನಿದ್ರೂ ನನಗೇ" ಎಂದೆ. ಅವರು ತಲೆಯಾಡಿಸಿದರು.

ರಿಪೋರ್ಟು ಬರುವ ತನಕದ ದಿನಗಳಲ್ಲಿ ಮನೆಯಲ್ಲಿ ಎಲ್ಲರೂ ವಿಪರೀತ ಒಳ್ಳೆಯವರಾದರು. ಸಾರಿಗೆ ಉಪ್ಪು ಹೆಚ್ಚಾದರೂ ಯಾರೂ ಏನೂ ಅನ್ನಲಿಲ್ಲ. ನಾನು ಹಿತ್ತಿಲಿಂದ ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಚಿಕ್ಕಮ್ಮ ಹೂಂ ಎನ್ನುತ್ತಿದ್ದುದು ಯಾಕೆ ಅಂತ ನನಗೆ ಆಗ ಅರ್ಥವಾಯಿತು.

ಫಲಿತಾಂಶದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನನ್ನು ಕೂರಿಸಿ, ಚೀಟಿ ಕೊಟ್ಟು ಬರುತ್ತೇನೆ ಎಂದು ನಮ್ಮನೆಯವರು ನೇರ ಡಾಕ್ಟರ ಕೋಣೆಗೆ ಹೋದರು. ಚೀಟಿ ಕೊಡುವ ಕಿಟಕಿ ಇದ್ದದ್ದು ಇನ್ನೊಂದು ಕಡೆ. ನನಗೆ ಗೊತ್ತಾಗಿಹೋಯಿತು. ಚೀಲ ಎತ್ತಿಕೊಂಡು ಎದ್ದೆ. ಅಷ್ಟರಲ್ಲಿ ಅದೇ ಸಿಸ್ಟರ್ ಆ ಕೋಣೆಯಿಂದ ಈಚೆ ಬಂದು ನನ್ನ ತೋಳು ಹಿಡಿದು, ಒಳಕ್ಕೆ ಬನ್ನಿ ಎಂದರು.

ನಮ್ಮನೆಯವರು ಡಾಕ್ಟರಮ್ಮನ ಮುಂದೆ ಕೈ ಮುಗಿದು ನಿಂತಿದ್ದರು. ಮಂಡಿಯಲ್ಲಿ ಯಾರ ಮುಂದೆಯೂ ತಲೆ ಬಗ್ಗಿಸದವರು. "ಅವಳಿಗ್ ಮಾತ್ರ ಏಳ್ಬ್ಯಾಡಿ ಮೇಡಂ, ತಡ್ಕಳಕ್ಕಿಲ್ಲ" ಅನ್ನುತ್ತಿದ್ದವರು ನನ್ನನ್ನು ಕಂಡು ಬಾಯಿ ಮುಚ್ಚಿದರು.

ಡಾಕ್ಟರಮ್ಮ ಅವರಿಗೆ, "ಇವರು ಮೊದಲೇ ಕೇಳ್ಕೊಂಡಿದ್ದಾರೆ. ನೀವೂ ಕೂತ್ಕೊಳ್ಳಿ" ಎಂದರು. ಮೇಜಿನ ಆಚೆಯಿಂದ ತಮ್ಮ ಕುರ್ಚಿಯನ್ನು ಎಳೆದು ತಂದು ನನ್ನ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತರು.

"ಕ್ಯಾನ್ಸರ್ ಇದೆ ಅಮ್ಮಾ."

ಆಮೇಲೆ ಅವರು ಮಾತಾಡಲಿಲ್ಲ. ಬರೆಯಲೂ ಇಲ್ಲ. ಮೇಜಿನ ಮೇಲೆ ಫೋನು ಬಡಿದುಕೊಂಡಾಗ ಸಿಸ್ಟರ್ ಬಂದು ಅದನ್ನು ನಿಲ್ಲಿಸಿದರು. ಬದುಕ್ತೀನಾ ಎಂದು ನಾನು ಕೇಳಿದ್ದು ಎಷ್ಟೋ ಹೊತ್ತಿನ ಮೇಲೆ. ಕಂಕುಳಿನ ಕಡೆಗೂ ಹೋಗಿರುವ ಹಾಗಿದೆ, ಇನ್ನೊಂದು ಸ್ಕ್ಯಾನ್ ಆಗಬೇಕು, ಇವತ್ತು ಹೌದು ಅಂದರೂ ಸುಳ್ಳು, ಇಲ್ಲ ಅಂದರೂ ಸುಳ್ಳು ಎಂದರು. ತಮಗೆ ತಿಳಿದಷ್ಟನ್ನು ಆಗಿಂದಾಗಲೇ ನನಗೇ ತಿಳಿಸುವುದಾಗಿ ಹೇಳಿದರು.

ಕೇಳಿ ಪಡೆದ ಸತ್ಯ. ಆದರೆ ಆ ಗಳಿಗೆಯಲ್ಲಿ ನನಗೆ ಬೇಕಾಗಿದ್ದದ್ದು ಸುಳ್ಳು. ನೀರುಗುಳ್ಳೆ ಅಂದಿದ್ದರೆ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ಹುರುಳಿಸಾರು ಕುದಿಸುತ್ತಿದ್ದೆನಲ್ಲ ಎನ್ನಿಸಿತು. ಕಾರಿಡಾರಿಗೆ ಬಂದು ಗೋಡೆಗೆ ಹಣೆ ಒತ್ತಿ ಅತ್ತುಬಿಟ್ಟೆ. ಸಿಸ್ಟರ್ ಸಮಾಧಾನದ ಮಾತು ಆಡಲಿಲ್ಲ. ಹೋಗಿ ಬರುವವರಿಗೆ ನಾನು ಕಾಣದ ಹಾಗೆ ನನ್ನ ಹಿಂದೆ ಅಡ್ಡ ನಿಂತರು, ನಾನು ಮುಗಿಸುವ ತನಕ. ಅವರ ಕೋಣೆಯ ಮುಂದೆ ಸಾಲು ಬೆಳೆಯುತ್ತಲೇ ಇತ್ತು.

ಡಾಕ್ಟರಮ್ಮ, ಸಿಸ್ಟರ್ ಇಬ್ಬರ ಋಣವೂ ನನ್ನ ಮೇಲಿದೆ. ಅವರ ಒಳ್ಳೆಯತನಕ್ಕೆ ಗಂಟು ಕರಗಲಿಲ್ಲ, ಅದೂ ನಿಜ. ಬಸ್ಸಿನಲ್ಲಿ ನಮ್ಮನೆಯವರು ಕಿಟಕಿಯ ಕಡೆ ನೋಡುತ್ತಾ ಕೂತರು. ಮುತ್ತೈದೆಯಾಗಿ ಹೋಗುವುದು ಪುಣ್ಯ ಎಂದು ಕೇಳಿಕೊಂಡೇ ಬೆಳೆದವಳು ನಾನು. ಹಿರಿಯರ ಕಾಲಿಗೆ ಬಿದ್ದಾಗಲೆಲ್ಲ ಆ ಪುಣ್ಯವನ್ನೇ ಹಾರೈಸಿದ್ದಾರೆ. ಅದು ಇಷ್ಟು ಹತ್ತಿರ ಬಂದು ಪಕ್ಕದಲ್ಲಿ ಕೂತಾಗ ನನಗೆ ಬೇಡವೇ ಬೇಡ ಎನ್ನಿಸಿತು. ಇದನ್ನು ನಮ್ಮನೆಯವರಿಗೆ ಹೇಗೆ ಹೇಳುವುದು? ಹೇಮಾವತಿ ದಾಟುವಾಗ ಅವರು ಕೇಳಿದ್ದು ಒಂದೇ ಮಾತು, ಅವ್ವಂಗೆ ಯಾರು ಹೇಳುವುದು ಎಂದು. ನಾನು ಹೇಳುತ್ತೇನೆ ಎಂದೆ. ಕೇಳಿ ಪಡೆದವಳು ನಾನೇ ತಾನೆ.

ಅತ್ತೆ ಪಡಸಾಲೆಯಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ನಾನು ಚೀಲ ಇಟ್ಟು, ಅವರ ಎದುರಿಗೆ, ನೆಲಕ್ಕೇ ಕೂತೆ. ಡಾಕ್ಟರಮ್ಮ ಹೇಳಿದಷ್ಟೇ ಮಾತಿನಲ್ಲಿ ಹೇಳಿ ಸುಮ್ಮನಾದೆ. ಸುಮ್ಮನಿರುವುದು ಎಷ್ಟು ಕಷ್ಟ ಅಂತ ಆಗ ತಿಳಿಯಿತು. ಅತ್ತೆ ಕೈಯಲ್ಲಿದ್ದ ಕಡ್ಡಿಯನ್ನು ನೋಡುತ್ತಾ ಕೂತರು. ಎಲೆ ಒಂದೂ ಇರಲಿಲ್ಲ ಅದರಲ್ಲಿ.

"ನಿಂಗ್ಯಾಕವ್ವಾ ಏಳುದ್ರು" ಎಂದರು ಕೊನೆಗೆ. "ಗಂಡುಸ್ರಿಗೇಳಿದ್ರೆ ಆಗಿರದಾ."

ನಾನೇ ಕೇಳಿದೆ ಎಂದೆ. ಯಾಕೆ ಕೇಳಿದೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಚಿಕ್ಕಮ್ಮನ ವಿಷಯ ಹೇಳಬೇಕೆಂದಿದ್ದೆ. ಇನ್ನೊಂದು ಸ್ಕ್ಯಾನಿಗೆ ಗುರುವಾರ ಬರಹೇಳಿದ್ದಾರೆ ಎಂದೆ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಮಂಡಿನೋವಿಗೆ ಬಸ್ಸು ಹತ್ತುವುದನ್ನೇ ಬಿಟ್ಟವರು, ನಾನೂ ಬತ್ತೀನಿ ಎಂದರು. ಅಲ್ಲಿ ನಿಮಗೆ ಕೂರಲೂ ಜಾಗ ಇರುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದವಳು ಮೊರವನ್ನು ನನ್ನ ಕಡೆ ಎಳೆದುಕೊಂಡು ಉಳಿದ ಸೊಪ್ಪು ಬಿಡಿಸತೊಡಗಿದೆ.