ಒಂಬತ್ತು ಕ್ಯಾಮೆರಾ, ಒಂದೂ ರೀಲಿಲ್ಲ

ನಮ್ಮ ಯಜಮಾನರ ಹತ್ತಿರ ಒಂಬತ್ತು ಹಳೆಯ ಕ್ಯಾಮೆರಾಗಳಿದ್ದವು. ಬ್ಯಾಂಕಿಗೆ ರಜೆಯಿದ್ದ ದಿನ ನಾಗಪುರದ ಮಹಾಲ್ ಪೇಟೆಯ ಗಲ್ಲಿಗಳಲ್ಲಿ ಹಳೇ ಸಾಮಾನಿನ ಅಂಗಡಿ ಸುತ್ತಿ ಒಂದೊಂದಾಗಿ ತಂದಿದ್ದರು. ಮನೆಗೆ ಇದ್ದದ್ದು ಒಂದೇ ಗಾಜಿನ ಕಪಾಟು. ಅದರಲ್ಲಿದ್ದ ನನ್ನ ತವರಿನ ಬೆಳ್ಳಿ ಬಟ್ಟಲುಗಳು ಅಡುಗೆಮನೆಯ ಡಬ್ಬಿ ಸೇರಿದವು. ಭಾನುವಾರ ಬೆಳಿಗ್ಗೆ ಕ್ಯಾಮೆರಾಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿ, ಆ ಸದ್ದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ದೇವರ ಸಾಮಾನು ಬೆಳಗಲು ಮಾತ್ರ ಒಂದು ದಿನವೂ ಅವರಿಗೆ ಪುರುಸೊತ್ತಾಗಲಿಲ್ಲ. ಫೋಟೋ ಒಂದೂ ತೆಗೆಯಲಿಲ್ಲ. ರೀಲು ಹಾಕಿದರೆ ಒಳಗಿನ ಚಕ್ರಗಳ ಹಲ್ಲು ಸವೆಯುತ್ತವಂತೆ.

ಆ ವರ್ಷ ದಸರೆಗೆ ಧಾರವಾಡದಿಂದ ಅವ್ವ ಬಂದಳು. ಮೊಣಕಾಲು ಹಿಡಿದಿತ್ತು, ಇನ್ನೊಮ್ಮೆ ನಾಗಪುರದವರೆಗೆ ಬರಲಾರೆನೆಂದು ಬಂದ ದಿನವೇ ಹೇಳಿದಳು. ನಾವಿಬ್ಬರೂ ಕೂಡಿರುವ ಫೋಟೋ ಒಂದೂ ಇರಲಿಲ್ಲ. ನನ್ನ ಮದುವೆಯಲ್ಲಿ ಫೋಟೋದವನು ಕರೆದಾಗಲೆಲ್ಲ ಅವಳು ಉಗ್ರಾಣದಲ್ಲಿದ್ದಳು. ಈಗಲಾದರೂ ಒಂದು ತೆಗೆಯಿರಿ ಎಂದು ಇವರನ್ನು ಕೇಳಿದೆ.

ಅಂದು ಖಂಡೇನವಮಿ. ಕ್ಯಾಮೆರಾಗಳು ಅರಿಷಿಣ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂ ಮುಡಿದು ಮಣೆಯ ಮೇಲೆ ಸಾಲಾಗಿ ಕೂತಿದ್ದವು. ಪೂಜೆಗಿಟ್ಟ ಆಯುಧವನ್ನು ಇವತ್ತು ಮುಟ್ಟಬಾರದು ಎಂದರು. ಶಾಸ್ತ್ರದ ಮಾತು, ಒಪ್ಪಿದೆ. ಆಯುಧವೆಂದರೆ ದುಡಿಯುವ ವಸ್ತು, ಇವು ಯಾವತ್ತು ದುಡಿದಿದ್ದವು ಎಂದು ಕೇಳಲು ಹೋಗಲಿಲ್ಲ. ಮರುದಿನ ದಸರೆ, ಸಂಜೆಗೆ ಅವ್ವನ ರೈಲು. ಹೂವೆಲ್ಲ ತೆಗೆದ ಮೇಲೆ ಇವರು ತಲೆ ಕೆರೆದುಕೊಂಡು, ಮನೆಯಲ್ಲಿ ರೀಲಿಲ್ಲ ಎಂದರು. ಹಬ್ಬಕ್ಕೆ ಅಂಗಡಿಗಳೆಲ್ಲ ಮುಚ್ಚಿದ್ದವು.

ಅವ್ವ ಅಳಿಯನ ಜೊತೆ ನೇರವಾಗಿ ಮಾತಾಡುವವಳಲ್ಲ. ಅವರಿಗೆ ಕೇಳುವಂತೆ ನನಗೆ ಹೇಳಿದಳು: "ಒಂಬತ್ತು ಕಣ್ಣದಾವು ನಿಮ್ಮ ಮನ್ಯಾಗ. ಒಂದಕ್ಕೂ ನಾ ಕಾಣಂಗಿಲ್ಲೇನವಾ?"

ಇವರು ಕಪಾಟಿಗೆ ಬೀಗ ಹಾಕುವ ನೆಪದಲ್ಲಿ ಬೆನ್ನು ತಿರುಗಿಸಿದರು.

ದೇವರು ದೊಡ್ಡವನು. ಅಷ್ಟರಲ್ಲಿ ನಾವು ಅತ್ತಿಗೆಯೆಂಬಂತೆ ವಹಿನಿ ಎನ್ನುವ ಮೇಲಿನ ಮನೆಯ ಮರಾಠಿಯವರು, ನಮ್ಮ ಬನ್ನಿಯ ಹಾಗೆ ದಸರೆಯ ಬಂಗಾರವೆಂದು ಎಲೆ ಕೊಡಲು ಬಂದರು. ಅವರ ಮಗಳ ಪ್ಲಾಸ್ಟಿಕ್ ಕ್ಯಾಮೆರಾದಲ್ಲಿ ಒಂದೇ ಒಂದು ಫೋಟೋ ತೆಗೆಯುವಷ್ಟು ರೀಲು ಉಳಿದಿತ್ತಂತೆ. ಓಡಿಹೋಗಿ ತಂದು, ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಒತ್ತಿಬಿಟ್ಟರು. ಯಾವ ಮುಹೂರ್ತವನ್ನೂ ನೋಡಲಿಲ್ಲ.

ವಾರದ ಮೇಲೆ ಎರಡು ಪ್ರತಿ ತಂದುಕೊಟ್ಟರು. ಮೂಲೆಯಲ್ಲಿ ವಹಿನಿಯ ಬೆರಳು ಬಿದ್ದಿದೆ, ನನ್ನ ಒಂದು ಕಿವಿ ಇಲ್ಲ. ಅವ್ವ ಮಾತ್ರ ಪೂರ್ತಿ ಇದ್ದಾಳೆ, ಕೈಯಲ್ಲಿ ಎಲೆ ಹಿಡಿದು ನಗುತ್ತಿದ್ದಾಳೆ. ಹೇಳಿದಂತೆಯೇ ಅವಳು ಮತ್ತೆ ನಾಗಪುರಕ್ಕೆ ಬರಲಿಲ್ಲ.

ಇವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಬೆಳಕು ಬರೋಬರ್ ಬಿದ್ದಿಲ್ಲ ಎಂದರು.

"ಅವ್ವ ಬಿದ್ದಾಳಲ್ರಿ, ಸಾಕು," ಎಂದು ಅವರ ಕೈಯಿಂದ ಫೋಟೋ ತೆಗೆದುಕೊಂಡು, ಧಾರವಾಡಕ್ಕೆ ಒಂದು ಪ್ರತಿ ಕಳಿಸಲು ಲಕೋಟೆ ಹುಡುಕಿದೆ.