ಕರೆಂಟ್ ಇದ್ದೂ ಕತ್ತಲಾದ ಓಣಿ

ರಾಯಚೂರಿಗೆ ಬಂದು ಇನ್ನೂ ಪಾತ್ರೆಗಳ ಗಂಟು ಬಿಚ್ಚಿರಲಿಲ್ಲ. ಆಗಲೇ ಒಂದು ಶುಕ್ರವಾರ, ಊಟದ ಹೊತ್ತಿಗೆ, ನನ್ನ ಕಣ್ಣೆದುರೇ ಓಣಿ ಆರಿಹೋಯಿತು. ಕರೆಂಟ್ ಹೋದರೆ ಇಡೀ ಓಣಿ ಒಂದೇ ಏಟಿಗೆ ಕಪ್ಪಾಗುತ್ತದೆ, ಎಲ್ಲ ಮನೆಗಳಿಂದ ಒಟ್ಟಿಗೇ ‘ಹೋಯ್ತು’ ಎಂಬ ಕೂಗು ಏಳುತ್ತದೆ. ಇಲ್ಲಿ ಹಾಗಾಗಲಿಲ್ಲ. ಮೊದಲು ಮೂಲೆಯ ಮನೆ ಕತ್ತಲಾಯಿತು, ಆಮೇಲೆ ಅದರ ಪಕ್ಕದ್ದು, ಆಮೇಲೆ ಎದುರಿನದು. ಕಣ್ಣಿಗೆ ಕಾಣದ ಯಾರೋ ಓಣಿಯುದ್ದಕ್ಕೂ ನಡೆದು ಬರುತ್ತ ಒಂದೊಂದೇ ದೀಪ ಊದಿ ಆರಿಸುತ್ತಿರುವಂತೆ. ಯಾರೂ ಕೂಗಲಿಲ್ಲ, ಮಕ್ಕಳ ಸದ್ದೂ ಇಲ್ಲ. ಕೊನೆಗೆ ನನ್ನ ಜಗಲಿಯ ದೀಪವೊಂದೇ ಉರಿಯುತ್ತ ಉಳಿಯಿತು. ಅದರ ಕೆಳಗೆ ಅನ್ನದ ತಟ್ಟೆ ಹಿಡಿದು ನಿಂತ ನನ್ನನ್ನು ಕತ್ತಲೊಳಗಿನ ಕಣ್ಣುಗಳೆಲ್ಲ ನೋಡುತ್ತಿವೆ ಅನ್ನಿಸಿತು.

ಬೇರೆ ಯಾರಾದರೂ ಆಗಿದ್ದರೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ನಾನು ವಿದ್ಯುತ್ ಕಂಪನಿಯ ಎಂಜಿನಿಯರು. ಅಂಕೋಲೆಯಿಂದ ಇಷ್ಟು ದೂರ ಬಂದದ್ದೇ ಆ ನೌಕರಿಗೆ. ಕಂಬದ ಮೇಲೆ ಮೂರು ತಂತಿ ಇರುತ್ತವೆ, ಮನೆಗಳನ್ನು ಅವುಗಳಿಗೆ ಹಂಚಿರುತ್ತಾರೆ, ಒಂದು ತಂತಿ ಕೈಕೊಟ್ಟರೆ ಅದರ ಪಾಲಿನ ಮನೆಗಳು ಮಾತ್ರ ಕತ್ತಲಾಗುತ್ತವೆ. ನನ್ನ ಮನೆಯ ತಂತಿ ಉಳಿದು ಮಿಕ್ಕವು ಕೆಟ್ಟಿವೆ ಎಂದು ಲೆಕ್ಕ ಹಾಕಿ, ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅನ್ನುವಂತೆ, ಕೂಡಲೇ ಫೋನ್ ಮಾಡಿ ಲೈನ್‌ಮನ್ ಶರಣಪ್ಪನನ್ನು ಕರೆಸಿದೆ. ಆತ ಮಾನ್ವಿ ತಾಲೂಕಿನ ಮಲ್ಲಟದವನು, ನನಗಿಂತ ಎಷ್ಟೋ ವರ್ಷ ಹಿರಿಯ. ಏಣಿ ತಂದ, ಆದರೆ ಕಂಬಕ್ಕೆ ಒರಗಿಸಲಿಲ್ಲ.

“ಲೈನ್ ಹೋಗಿಲ್ರಿ ಮೇಡಂ,” ಎಂದ ಮೆಲ್ಲಗೆ. “ಒಂದ್ ಸ್ವಲ್ಪ ಸುಮ್ಮ ನಿಂತು ಕೇಳ್ರಿ.”

ಕೇಳಿದೆ. ಆ ಕತ್ತಲ ಮನೆಗಳೊಳಗೆಲ್ಲ ಫ್ಯಾನುಗಳು ತಿರುಗುತ್ತಿದ್ದವು.

“ಮಂದಿ ತಾವ ಆರಿಸ್ಯಾರ್ರಿ. ಬತ್ತಿ ಬಂದ್ ಅಂತಾರ ಇದಕ್ಕ. ಕಡಲಾಚೆ ಆ ಯುದ್ಧ ನಿಲ್ಲಲಿ ಅಂತ.”

ಕಾಲು ಗಂಟೆ ಕಳೆದ ಮೇಲೆ ದೀಪಗಳು ಹೋದ ಹಾಗೇ ಒಂದೊಂದಾಗಿ ಬಂದವು. ಎದುರು ಮನೆಯ ಕಿಟಕಿಯಲ್ಲಿ ಕುಟುಂಬವೊಂದು ಚಾಪೆಯ ಮೇಲೆ ಕೂತಿತ್ತು. ಅವರೆಲ್ಲ ನಮ್ಮ ಏಣಿಯನ್ನೇ ನೋಡುತ್ತಿದ್ದರು.

ನಮ್ಮ ಕಡಲ ಕಡೆಯವರಿಗೆ ಈ ಊರನ್ನು ಹೇಗೆ ಹೇಳಲಿ? ನಮ್ಮಲ್ಲಿ ಗಾಳಿಗೆ ಉಪ್ಪಿನ ರುಚಿ ಇದೆ, ಇಲ್ಲಿನ ಗಾಳಿ ಬಂಡೆಯಿಂದ ಹೊರಟು ಬರುತ್ತದೆ. ಬೆಳಿಗ್ಗೆ ಒಂಬತ್ತಕ್ಕೇ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಪಕ್ಕದಲ್ಲೇ ರಾಜ್ಯಕ್ಕೆಲ್ಲ ಬೆಳಕು ಕೊಡುವ ಉಷ್ಣ ವಿದ್ಯುತ್ ಸ್ಥಾವರ, ಊರೊಳಗೆ ಬೇಸಿಗೆ ಬಂತೆಂದರೆ ಕರೆಂಟ್ ಕಣ್ಣಾಮುಚ್ಚಾಲೆ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಯನ್ನು ಇಲ್ಲಿ ಕೂತೇ ಯಾರೋ ಮಾಡಿರಬೇಕು. ಮನೆ ಹುಡುಕಲು ಹೋದಲ್ಲೆಲ್ಲ ಕೇಳಿದ ಮೊದಲ ಪ್ರಶ್ನೆ, “ಮೀನ ತಿಂತೀರೇನ್ರಿ?” ಸುಳ್ಳು ಹೇಳಬಹುದಿತ್ತು, ಆದರೆ ಅಮ್ಮ ಕಟ್ಟಿಕೊಟ್ಟ ಒಣಮೀನು ಚೀಲದೊಳಗಿಂದಲೇ ನಿಜ ನುಡಿಯುತ್ತಿತ್ತು. ಹಾಗೆ ತಿರುಗಿ ತಿರುಗಿ ಸಾಕಾಗಿ ಕೊನೆಗೆ ಸಿಕ್ಕಿದ್ದು ಜೈನಬ್‌ಬೀ ಅವರ ಮನೆಗೆ ಅಂಟಿದ ಎರಡು ಕೋಣೆ. ಮಗ ಬಂದು ಮದುವೆಯಾದಮೇಲೆ ಇರಲೆಂದು ಕಟ್ಟಿಸಿದ್ದು. ಅವರು ಒಣಮೀನಿನ ವಾಸನೆಗೆ ಮೂಗು ಮುರಿಯಲಿಲ್ಲ. “ನಮ್ಮ ಹೊಳಿ ಮೀನಿಗಿಂತ ಇದು ಖಾರ ಕೇಳತದ,” ಎಂದು ಅರ್ಧ ಕಟ್ಟು ತೆಗೆದುಕೊಂಡು ಹೋದರು. ಅವರನ್ನು ಓಣಿಯವರೆಲ್ಲ ಖಾಲಾ ಅನ್ನುತ್ತಾರೆ, ಅಂದರೆ ಚಿಕ್ಕಮ್ಮ. ನಾನೂ ಹಾಗೇ ಕರೆದೆ.

ಖಾಲಾರ ಮಗ ಸಲೀಮ ಕಡಲಾಚೆಯ ಒಂದು ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಯುದ್ಧ ಆ ಬಂದರಿಗೂ ಬಂತು. ಅಂದಿನಿಂದ ಅವನ ಫೋನ್ ಇಲ್ಲ. ದಿನವೂ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಖಾಲಾ ಅವನಿಗೆ ಫೋನ್ ಹಚ್ಚುತ್ತಾರೆ. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕುತ್ತಾರೆ. ಅರ್ಥವಾಗದ ಭಾಷೆಯಲ್ಲಿ ರೆಕಾರ್ಡಿನ ಹೆಂಗಸೊಬ್ಬಳು ಏನೋ ಹೇಳುತ್ತಾಳೆ, ಒಂದು ಟಣ್ ಸದ್ದು, ಮತ್ತೆ ಅದೇ ಮಾತು. ಓಣಿಯ ಮಕ್ಕಳಿಗೆ ಅದು ಬಾಯಿಪಾಠವಾಗಿತ್ತು. ಗೋಲಿ ಆಡುತ್ತ ಅವು ಆ ಹೆಂಗಸಿನ ದನಿಯಲ್ಲೇ ಅದನ್ನು ಹೇಳುತ್ತಿದ್ದವು. ಖಾಲಾ ಮಾತ್ರ ಬೈಯುತ್ತಿರಲಿಲ್ಲ.

ಯುದ್ಧ ಯಾರಿಗೂ ಬೇಕಾಗಿರಲಿಲ್ಲ. ಟಿವಿಯಲ್ಲಿ ಮಾತ್ರ ಅದಕ್ಕೆ ಭಾರೀ ಬೇಡಿಕೆ. ದೆಹಲಿ ಒಂದು ಮಾತೂ ಆಡದು. ಊರಿನಲ್ಲಿ ನಗರಸಭೆಯ ಚುನಾವಣೆ ಹತ್ತಿರವಿತ್ತು. ಮೆರವಣಿಗೆಗೆ ಅನುಮತಿ ಕೇಳಿದರೆ ಸಿಗಲಿಲ್ಲ. ನಮ್ಮ ವಾರ್ಡಿನ ಮುಖಂಡರೊಬ್ಬರು, “ಹೊರದೇಶದ ಜಗಳಕ್ಕ ನಮ್ಮ ಊರಾಗ ಯಾಕ ಬಾಯಿ ಬಡ್ಕೋತೀರಿ?” ಎಂದು ಭಾಷಣ ಮಾಡಿದರು. ಯಾರೋ ಗೋಡೆಗಳ ಮೇಲೆ ‘ಯುದ್ಧ ಬೇಡ’ ಎಂದು ಬರೆದರೆ ಬೆಳಗಾಗುವುದರೊಳಗೆ ಅದರ ಮೇಲೆ ಸುಣ್ಣ ಬಿದ್ದಿರುತ್ತಿತ್ತು. ಊರ ತುಂಬ ಬಿಳಿಯ ಚೌಕಗಳು. ಸಂತೆಗೆ ಹೋಗುವವರು ಆ ಚೌಕಗಳನ್ನು ಓದಿಕೊಂಡೇ ಹೋಗುತ್ತಿದ್ದರು. ಆಮೇಲೆ ಹುಟ್ಟಿದ್ದು ಬತ್ತಿ ಬಂದ್. ಅವರವರ ಮನೆಯ ದೀಪ ಅವರವರು ಆರಿಸಲು ಯಾರ ಅನುಮತಿ ಬೇಕು?

ಅಂಥದ್ದಕ್ಕೆ ನಾನು ಏಣಿ ಕಳಿಸಿದ್ದೆ! ಮರುದಿನ ಮುಖಂಡರಿಗೆ ಹಬ್ಬ. “ಎಲ್ಲಿಯ ಪ್ರತಿಭಟನಿ? ಲೈನ್ ಕೆಟ್ಟಿತ್ತು. ಎಂಜಿನಿಯರ್ ಮೇಡಂ ತಾವ ಲೈನ್‌ಮನ್‌ನ ಕಳಿಸ್ಯಾರ,” ಎಂದು ಹೋಟೆಲು ಹೋಟೆಲಿನಲ್ಲಿ ಸಾರಿದರು. ಸ್ಟೇಷನ್ ರಸ್ತೆಯಲ್ಲಿ ಮಂಡಾಳು ಒಗ್ಗರಣಿ, ಅಂದರೆ ನಮ್ಮ ಚುರುಮುರಿಗೆ ಇವರು ಹಾಕುವ ಒಗ್ಗರಣೆ, ತಿನ್ನಲು ಹೋದರೆ ಅಂಗಡಿಯವನೇ, “ಬರ್ರಿ ರಿಪೇರಿ ಮೇಡಂ,” ಎಂದ. ನಗಬೇಕೆಂದುಕೊಂಡೆ, ಮಿರ್ಚಿ ಗಂಟಲಲ್ಲಿ ಸಿಕ್ಕಿತು.

ಖಾಲಾ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. “ಬೇಟಿ, ನಮ್ದು ಬ್ಯಾರೆ ಏನದ ಹೇಳ್ರಿ? ರೊಕ್ಕದವ್ರಲ್ಲ, ಓದಿದವ್ರಲ್ಲ. ಒಂದ್ ಕತ್ತಲಿತ್ತು. ಅದೂ ಲೈನ್ ಕೆಟ್ಟಿದ್ದು ಅಂದ್ರ ನನ್ನ ಮಗನ ಸುದ್ದಿ ಯಾರ್ ಕೇಳತಾರ?” ಎಂದರು. ನನಗೆ ಅಳು ಬಂತು. ಅವರು ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿ ರೊಟ್ಟಿ ಕೊಟ್ಟರು.

ನನ್ನ ಜಗಲಿಯ ದೀಪದ ಕತೆಯನ್ನು ಅಂದು ಅವರಿಗೆ ಹೇಳಿದೆ. ಅಂಕೋಲೆಯಲ್ಲಿ ನಮ್ಮದು ಮೀನುಗಾರರ ಮನೆ. ದೋಣಿ ಮರಳುವವರೆಗೆ ಜಗಲಿಯ ದೀಪ ಆರಿಸಬಾರದೆಂಬುದು ಅಜ್ಜಿಯ ಕಾಲದ ಕಟ್ಟಳೆ. ಈಗ ದೋಣಿ ಅಣ್ಣನದು, ದೀಪ ಅಮ್ಮನದು. ಇಲ್ಲಿ ಕಡಲೂ ಇಲ್ಲ, ದೋಣಿಯೂ ಇಲ್ಲ, ಆದರೂ ಸಂಜೆಯಾದರೆ ನನ್ನ ಕೈ ತಾನಾಗಿಯೇ ಸ್ವಿಚ್ಚಿಗೆ ಹೋಗುತ್ತದೆ. ಖಾಲಾ ಎದ್ದು ನನ್ನ ಜಗಲಿಯ ದೀಪವನ್ನು ನೋಡಿದರು. “ನಿಮ್ ಕಡೆ ಬರಬೇಕಾದವ್ರಿಗೆ ಹಚ್ಚತೀರಿ. ನಾವು ಆರಿಸ್ತೀವಿ,” ಎಂದರು.

ಮುಂದಿನ ಶುಕ್ರವಾರಕ್ಕೆ ಮತ್ತೆ ಬತ್ತಿ ಬಂದ್ ಎಂದು ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ಅಂದು ಸಂಜೆ ನನಗೆ ಸಬ್‌ಸ್ಟೇಷನ್ನಿನಲ್ಲಿ ಕೆಲಸ. ಮನೆಯಿಂದ ಹೊರಡುವಾಗ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದುಕೊಂಡು, ಜಗಲಿಯ ದೀಪವನ್ನು ಮೊದಲ ಬಾರಿಗೆ ಹಚ್ಚದೆ ಬಿಟ್ಟೆ. ಅಣ್ಣ ಆ ಹೊತ್ತು ಕಡಲಿನಲ್ಲಿದ್ದ.

ಫೋನ್ ಬಂದದ್ದು ಹೊತ್ತು ಮುಳುಗಿದ ಮೇಲೆ. ಗುರುತಿಲ್ಲದ ದನಿ, ಬಹಳ ವಿನಯ.

“ಮೇಡಂ, ಇವತ್ತ ನೀವ್ ಇರೋ ಮೊಹಲ್ಲಾದ ಲೈನ್ ಒಂದ್ ಅರ್ಧ ತಾಸು ತೆಗೆದುಬಿಡ್ರಿ. ಕೆಲಸ ನಡದದ ಅಂದ್ರಾತು.”

“ಯಾರು ಮಾತಾಡೋದು?”

“ಸಾಹೇಬ್ರ ಕಡಿಯವ್ರು ಅಂತ ತಿಳ್ಕೋರಿ.”

ಏಣಿಯ ಪ್ರಸಂಗ ಅವರಿಗೆ ದಾರಿ ಕಲಿಸಿತ್ತು. ನಾವೇ ತಂತಿ ತೆಗೆದರೆ ಜನ ಆರಿಸಿದ ಕತ್ತಲು ಯಾವುದು, ನಾವು ಮಾಡಿದ ಕತ್ತಲು ಯಾವುದು, ಯಾರಿಗೂ ತಿಳಿಯದು. ಖಾಲಾರ ಒಂದೇ ಒಂದು ಮಾತು ಬರೀ ಕರೆಂಟ್ ಕಡಿತವಾಗಿ ಹೋಗುತ್ತಿತ್ತು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ, ಲೈನ್ ಕ್ಲಿಯರ್ ಎಂದು. ತಂತಿ ತೆಗೆಸುವವನು ತನ್ನ ಹೆಸರು ಹೇಳಿ ತೆಗೆಸಬೇಕು. ಅವನೇ ಬಂದು ಕೆಲಸ ಮುಗಿಯಿತು ಅನ್ನುವವರೆಗೆ ದೇವರೇ ಬಂದು ಹೇಳಿದರೂ ಮತ್ತೆ ಕರೆಂಟ್ ಬಿಡುವಂತಿಲ್ಲ. ಬಿಟ್ಟರೆ ಕಂಬದ ಮೇಲಿರುವವನು ಸಾಯುತ್ತಾನೆ. ಹೆಸರಿಲ್ಲದ ಬಾಯಿಗೆ ತಂತಿ ತೆಗೆಯಲು ನಮ್ಮವರು ಯಾರೂ ಒಪ್ಪುವುದಿಲ್ಲ.

“ತೆಗೆಯುತ್ತೇನೆ. ಲೈನ್ ಕ್ಲಿಯರ್ ಯಾರ ಹೆಸರಿಗೆ ಕೊಡಲಿ?”

ಅವನ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿನ ಸದ್ದು ಮಾತ್ರ ಕೇಳಿತು.

“ನೀವು ಹೊರಗಿನವ್ರು,” ಎಂದ ಕೊನೆಗೆ, ಅದೇ ವಿನಯದಿಂದ. “ಬಂದ ದಾರಿ ನೆನಪದ ಅಲ್ರಿ?”

ಫೋನ್ ಕಟ್ಟಾಯಿತು. ಶರಣಪ್ಪ ಎಲ್ಲ ಕೇಳಿಸಿಕೊಂಡಿದ್ದ. ಒಂದು ಲೋಟ ನೀರು ತಂದು ಮುಂದಿಟ್ಟು, “ಕುಂದರ್ರಿ ಯವ್ವಾ,” ಎಂದ. ಮೇಡಂ ಅನ್ನಲಿಲ್ಲ.

ಬತ್ತಿ ಬಂದ್‌ನ ಹೊತ್ತಾಯಿತು. ನಮ್ಮ ಓಣಿಗೆ ಹೋಗುವ ತಂತಿಯ ಮೀಟರಿನ ಮುಂದೆ ಇಬ್ಬರೂ ನಿಂತೆವು. ಮುಳ್ಳು ಒಮ್ಮೆ ಅಲುಗಿ, ಮೆಲ್ಲನೆ ಕೆಳಗಿಳಿಯತೊಡಗಿತು. ಯಾವ ಗುಂಡಿಯನ್ನೂ ನಾವು ಒತ್ತಿರಲಿಲ್ಲ. ಅಷ್ಟು ದೂರದ ಮನೆಗಳಲ್ಲಿ ಒಂದೊಂದೇ ಕೈ ಸ್ವಿಚ್ಚಿಗೆ ಹೋಗುವುದು ಈ ಗಾಜಿನೊಳಗೆ ಕಾಣುತ್ತಿತ್ತು. ಮೋಟರು, ಮಿಲ್ಲು, ಮಳೆ, ಮದುವೆ ಎಲ್ಲಕ್ಕೂ ಮುಳ್ಳು ಏರಿಳಿಯುವುದನ್ನು ಕಂಡಿದ್ದೇನೆ, ದುಃಖಕ್ಕೆ ಇಳಿದದ್ದನ್ನು ಕಂಡಿರಲಿಲ್ಲ. ಆಮೇಲೆ ಪಕ್ಕದ ಮೀಟರಿನದೂ ಇಳಿಯಿತು. ಅದು ನಮ್ಮ ಮೊಹಲ್ಲಾದ್ದಲ್ಲ, ಊರಾಚೆಯ ಚಂದ್ರಬಂಡದ ಕಡೆಯದು. ಅಷ್ಟರಲ್ಲಿ ಮಾನ್ವಿಯ ಸಬ್‌ಸ್ಟೇಷನ್ನಿನಿಂದ ಫೋನ್.

“ನಿಮ್ ಕಡೆ ಲೋಡ್ ಬಿತ್ತೇನ್ರಿ ಮೇಡಂ? ಇಲ್ಲಿ ಅಕ್ಕಿ ಮಿಲ್ಲಿನ ಲೈನ್ ಪೂರಾ ಕುಂತದ. ಏನ್ ಕೆಟ್ಟದ ತಿಳೀವಲ್ದು.”

“ಏನೂ ಕೆಟ್ಟಿಲ್ಲ,” ಎಂದೆ. “ಯಾರನ್ನೂ ಕಳಿಸಬೇಡಿ.”

ದೇವದುರ್ಗದಿಂದಲೂ ಫೋನ್ ಬಂತು, ಜಾಲಹಳ್ಳಿಯ ಲೈನ್ ಅರ್ಧ ಇಳಿದಿದೆ ಎಂದು. ನಾನು ಶರಣಪ್ಪನ ಮುಖ ನೋಡಿದೆ.

“ನಮ್ಮಣ್ಣನೂ ಮಲ್ಲಟದಾಗ ಆರಿಸ್ತೀನಿ ಅಂದಿದ್ನ್ರಿ,” ಎಂದ. “ಯುದ್ಧಕ್ಕ ಹಡಗು ಹೋಗವಲ್ವು. ಮಿಲ್ಲಿನ್ಯಾಗ ಅಕ್ಕಿ ಕೊಳ್ಯಾಕತ್ತದ, ನಮ್ ನೆಲ್ಲು ಯಾರೂ ಕೇಳವಲ್ರು. ಗಂಡ ಹೆಂಡಿರ ಜಗಳದಾಗ ಕೂಸು ಬಡವಾತು. ಇದು ಬರೀ ಸಾಬ್ರ ದುಃಖ ಅಂತ ಆ ಸಾಹೇಬ್ರು ತಿಳ್ಕೊಂಡಾರ.”

ಮುಳ್ಳುಗಳು ಇಳಿದವು, ಆದರೆ ಯಾವುದೂ ಸೊನ್ನೆ ಮುಟ್ಟಲಿಲ್ಲ. ತಂತಿ ಕಡಿದಿದ್ದರೆ ಸೊನ್ನೆಯಾಗುತ್ತಿತ್ತು. ಕತ್ತಲ ಮನೆಗಳಲ್ಲಿ ಫ್ಯಾನುಗಳು ತಿರುಗುತ್ತಿದ್ದವು. ಕರೆಂಟ್ ಬಾಗಿಲಲ್ಲೇ ನಿಂತಿತ್ತು, ಮೂರು ತಾಲೂಕಿನ ಜನ ಅದಕ್ಕೆ ಬೇಡ ಅಂದಿದ್ದರು.

ಆ ಮೇಲಿನದು ರಾಜಕೀಯ. ಮಾನ್ವಿಯ ಮಿಲ್ಲೂ ಆರಿತೆಂದು ತಿಳಿದ ವಾರದೊಳಗೆ ನಮ್ಮ ಮುಖಂಡರಿಗೆ ಯುದ್ಧದ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ‘ನಮ್ಮ ಮಕ್ಕಳನ್ನು ಕರೆತನ್ನಿ’ ಎಂದು ಜಿಲ್ಲಾಧಿಕಾರಿ ಕಚೇರಿಗೆ ಮನವಿ ಕೊಟ್ಟರು, ಬ್ಯಾನರ್ ಕಟ್ಟಿಸಿದರು. ಬ್ಯಾನರಿನಲ್ಲಿ ಅವರದು ಆಳೆತ್ತರದ ನಗು, ಮೂಲೆಯಲ್ಲಿ ಎಲ್ಲಿಂದಲೋ ತಂದ ಸಲೀಮನ ಸಣ್ಣ ಫೋಟೊ. ಈಗ ಊರಿನ ಕಂಬ ಕಂಬದ ಮೇಲೂ ಸಲೀಮ. ಬೀದಿದೀಪ ಹತ್ತಿದೊಡನೆ ಅವನ ಮುಖ ಮಾತ್ರ ಬೆಳಗುತ್ತದೆ, ಗಾಳಿಗೆ ಆ ಮುಖ ಉಸಿರಾಡಿದಂತೆ ಉಬ್ಬಿ ಇಳಿಯುತ್ತದೆ. ಖಾಲಾ ಆ ದಾರಿಯಲ್ಲಿ ಹೋಗುವಾಗ ತಲೆಯೆತ್ತುವುದಿಲ್ಲ.

ಮುಳ್ಳುಗಳು ಇಳಿದ ಆ ಶುಕ್ರವಾರ ನಾನು ಮನೆಗೆ ಬರುವ ಹೊತ್ತಿಗೆ ಓಣಿಯ ದೀಪಗಳೆಲ್ಲ ಮರಳಿದ್ದವು, ಎರಡು ಮನೆಗಳ ಹೊರತು. ಒಂದು ನನ್ನದು, ಇನ್ನೊಂದು ಅವರದು. ಖಾಲಾ ಕತ್ತಲ ಮೆಟ್ಟಿಲ ಮೇಲೆ ಕೂತಿದ್ದರು.

“ನಿಮ್ ಬತ್ತಿ ಹಚ್ಚ್ರಿ ಬೇಟಿ.”

“ನಿಮ್ಮದು?”

“ನಂದು ಅಂವ ಬಂದು ಹಚ್ಚತಾನ.” ನನ್ನ ಜಗಲಿಯ ಕಡೆ ಕೈ ತೋರಿಸಿ ಹೇಳಿದರು, “ಎರಡೂ ಮನಿ ಕತ್ತಲಾದ್ರ ಅಂವಗ ಗುರ್ತು ಹೆಂಗ ಸಿಗತದ್ರಿ?”

ಅಂದಿನಿಂದ ನನ್ನ ಜಗಲಿಯ ದೀಪ ಸಲೀಮನದು. ಬತ್ತಿ ಬಂದ್ ಪ್ರತಿ ಶುಕ್ರವಾರ ನಡೆಯುತ್ತಲೇ ಇದೆ. ಆ ಕಾಲು ಗಂಟೆಯಲ್ಲೂ ಈ ಒಂದು ದೀಪ ಉರಿಯಲೆಂದು ಓಣಿಯೇ ಒಪ್ಪಿಕೊಂಡಿದೆ. ರಿಪೇರಿ ಮೇಡಂ ಎಂದು ಈಗಲೂ ಕರೆಯುತ್ತಾರೆ, ಆದರೆ ಕರೆದು ಚಹಾ ಕೊಡುತ್ತಾರೆ. ಅಮ್ಮ ಮಾತ್ರ ಫೋನಿನಲ್ಲಿ ಒಂದೇ ರಾಗ, ಕಾರವಾರಕ್ಕೆ ವರ್ಗ ಕೇಳು, ಸಾಕು ಆ ಊರು ಎಂದು. ಅರ್ಜಿ ಹಾಕುತ್ತೇನೆ ಅನ್ನುತ್ತೇನೆ, ಹಾಕುವುದಿಲ್ಲ.

ಕಳೆದ ವಾರ ರಜೆ ಹಾಕಿ ಅಂಕೋಲೆಗೆ ಬಂದೆ. ದೀಪ ಹಚ್ಚಲು ಶರಣಪ್ಪನಿಗೆ ಕೀಲಿ ಕೊಟ್ಟಿದ್ದೆ. ಶುಕ್ರವಾರ ಸಂಜೆ ಅವನ ಮೆಸೇಜು ಬಂತು: ‘ಹಚ್ಚೀನ್ರಿ. ಇನ್ನೂ ಬಂದಿಲ್ಲ.’ ನಾನು ನಮ್ಮ ಜಗಲಿಯಲ್ಲಿ ಕೂತಿದ್ದೆ. ಎದುರಿಗೆ ಕಡಲಿನ ಮೊರೆತ, ತಲೆಯ ಮೇಲೆ ಅಜ್ಜಿಯ ಕಾಲದ ಕಟ್ಟಳೆಯ ದೀಪ. ಬತ್ತಿ ಬಂದ್‌ನ ಹೊತ್ತಾಯಿತು. ಯಾವಾಗ ಎದ್ದೆನೋ, ಯಾವಾಗ ಆರಿಸಿದೆನೋ ನನಗೇ ಗೊತ್ತಾಗಲಿಲ್ಲ.

“ಕರೆಂಟ್ ಹೋಯ್ತನೇ ಮಗಾ?” ಒಳಗಿಂದ ಅಮ್ಮ ಕೂಗಿದಳು.

“ಇಲ್ಲಮ್ಮ, ಇದೆ.”

“ಮತ್ತೆ ದೀಪ ಹಾಕೇ! ಅಣ್ಣನ ದೋಣಿ ಇನ್ನೂ ಬರಲಿಲ್ಲ.”

“ಹಾಕ್ತೇನೆ. ಸ್ವಲ್ಪ ತಡಿ,” ಎಂದೆ. “ಅಲ್ಲಿಯೂ ಒಬ್ಬ ಬರಲಿಲ್ಲ.”

ಅಮ್ಮ ಹೊರಗೆ ಬಂದಳು. ಬೈಯುತ್ತಾಳೆಂದುಕೊಂಡೆ. ಅವಳೂ ಕತ್ತಲಲ್ಲಿ ನನ್ನ ಪಕ್ಕ ಕೂತು ಕಡಲಿನ ಕಡೆ ನೋಡತೊಡಗಿದಳು. ಹಿಂದೆ, ಖಾಲಿ ಕೋಣೆಯಲ್ಲಿ, ಫ್ಯಾನ್ ತಿರುಗುತ್ತಿತ್ತು.