ಕೈಗಳ ಮೇಲೆ ಕೂತ ಮೇಷ್ಟ್ರು

ಮಂಡಿ ಮೇಷ್ಟ್ರ ಹೆಬ್ಬೆರಳಿನ ಮಹಿಮೆ ಸಾಮಾನ್ಯದ್ದಲ್ಲ. ಉಳುಕಿದ ಕಾಲಿನ ಮೇಲೆ ಅದನ್ನಿಟ್ಟರೆ ನೋವು ತಾನಾಗಿ ಎದ್ದು ಬಂದು ಹಾಜರಿ ಹೇಳುತ್ತಿತ್ತು. ಅವರು ಸವರಿದ ಕುಂಟು ಬೆಂಚುಗಳೂ ನೆಟ್ಟಗಾದವೆಂದು ಆಣೆಯಿಡುವವರಿದ್ದಾರೆ. ಅರ್ಧ ಆಯುಸ್ಸನ್ನು ಮೈದಾನದ ಅಂಚಿನಲ್ಲಿ ಐಸ್ ಡಬ್ಬಿ ಹೊತ್ತೇ ಕಳೆದು, ಈಗ ಆಟಗಾರರ ಗಾಯ ನೋಡಿಕೊಳ್ಳುವ ವಿದ್ಯೆಯನ್ನು ಕಾಲೇಜಿನಲ್ಲಿ ಕಲಿಸುತ್ತಿದ್ದರು.

ಇಂಥವರನ್ನು ಕರೆದು ಪ್ರಿನ್ಸಿಪಾಲರು, ದೂರದ ಆಟಗಾರರನ್ನು ಇನ್ನು ಮೊಬೈಲ್ ಪರದೆಯಲ್ಲೇ ಪರೀಕ್ಷಿಸಬೇಕು ಎಂದರು. ವಿದ್ಯಾರ್ಥಿಗಳು ತಮ್ಮೆದುರು ಮಾಡಿ ತೋರಿಸಿದರೆ ಈ ಸಲದ ಪಂದ್ಯಾವಳಿಯಲ್ಲಿ ಗಾಯ ನೋಡಿಕೊಳ್ಳುವ ಕೆಲಸ ಅವರಿಗೆ, ಇಲ್ಲವಾದರೆ ಹೊರಗಿನವರಿಗೆ.

"ಹೊರಗಿನವರು ಯಾಕೆ ಸಾರ್, ನಾವು ಸತ್ತಿದ್ದೀವಾ?" ಎಂದು ಒಪ್ಪಿಕೊಂಡು ಬಂದರು ಮೇಷ್ಟ್ರು.

ಮೊದಲ ಪಾಠದಲ್ಲೇ ಎಡವಟ್ಟು. ಪರದೆಯಲ್ಲಿದ್ದ ಆಟಗಾರನಿಗೆ "ಇಲ್ಲಿ ನೋವಾ? ಇಲ್ಲಾ?" ಎನ್ನುತ್ತ ಎಲ್ಲರೂ ತಂತಮ್ಮ ಮಂಡಿಯನ್ನೇ ಒತ್ತಿಕೊಂಡರು.

"ನಿಮ್ಮ ಮಂಡಿ ಅವನಿಗೆಲ್ಲಿ ಕಾಣ್ಬೇಕ್ರಪ್ಪಾ? ಕೈ ಮೇಲೆ ಕೂತ್ಕೊಳ್ಳಿ ಎಲ್ಲರೂ! ಇನ್ಮೇಲೆ ಬಾಯೇ ಬೆರಳು."

ಮೇಷ್ಟ್ರು ತಾವೂ ಹಾಗೇ ಕೂತರು. ಹುಲಿಯನ್ನು ಕಟ್ಟಿಹಾಕುವುದು ಇದಕ್ಕಿಂತ ಸುಲಭವಿತ್ತು.

ಪರೀಕ್ಷೆಯ ದಿನ ಮನೆಯಿಂದಲೇ ಪರದೆಗೆ ಬಂದು ರೋಗಿಯಾಗಲು ಮೇಷ್ಟ್ರು ತಮ್ಮ ಅಕ್ಕನನ್ನೇ ಒಪ್ಪಿಸಿದ್ದರು. ಈ ವಯಸ್ಸಿನಲ್ಲೂ ದಿನಾ ಬ್ಯಾಡ್ಮಿಂಟನ್ ಆಡುವ ಹೆಂಗಸು. ಎಡಮಂಡಿ ನೋವಿನ ನಾಟಕ ಆಡಬೇಕಿತ್ತು. ಪರೀಕ್ಷಿಸುವ ಸರದಿ, ಮಾತೆಲ್ಲ ಗಂಟಲಲ್ಲೇ ಉಳಿಸಿಕೊಳ್ಳುವ 'ಪಿಸುಮಾತು' ಎಂಬ ಹುಡುಗಿಯದು.

"ಅಮ್ಮಾ, ಬಲಗೈ ಎತ್ತಿ."

"ಯಾಕೇ, ಪ್ರಮಾಣ ಮಾಡಿಸ್ತೀಯಾ?"

"ಎಡ ಬಲ ಅದಲು ಬದಲಾಗಿದ್ಯಾ ಅಂತ ನೋಡೋಕೆ. ಸರಿಯಾಗಿದೆ. ಫೋನನ್ನ ಕೆಳಗೆ ಗೋಡೆಗೆ ಒರಗಿಸಿ, ಬಾಗಿಲ ತನಕ ನಡೆದು ಬನ್ನಿ."

ಅಕ್ಕ ಎಡಗಾಲು ಕುಂಟುತ್ತ ಎಂಥ ಅಭಿನಯ ಮಾಡಿದಳೆಂದರೆ ಗೋಡೆಯ ಗಡಿಯಾರಕ್ಕೂ ಕರುಳು ಚುರುಕ್ ಎಂದಿರಬೇಕು.

"ಈಗ ಬಲಗಾಲಿನ ಕಾಲುಚೀಲ ತೆಗೀರಿ."

"ನೋವಿರೋದು ಎಡಮಂಡೀಲಿ ಕಣೇ!"

"ಬಾಗಿಲ ಹತ್ರ ತಿರುಗುವಾಗ ಗೋಡೆ ಹಿಡ್ಕೊಂಡ್ರಿ. ನೋವಿಲ್ಲ ಅನ್ನೋ ಬಲಗಾಲಿನ ಮೇಲೇ ಭಾರ ಬಿಡಲಿಲ್ಲ."

ಮೇಷ್ಟ್ರ ಕೈಗಳು ತೊಡೆಯಡಿಯಿಂದ ಹಾರಿ ಪರದೆಯೊಳಗೇ ನುಗ್ಗುವಂತಿದ್ದವು. ಪ್ರಿನ್ಸಿಪಾಲರು ಅವರನ್ನೇ ನೋಡುತ್ತಿದ್ದರು. ಮೇಷ್ಟ್ರು ಇನ್ನಷ್ಟು ಭಾರ ಹಾಕಿ ಕೂತರು.

ಕಾಲುಚೀಲ ಇಳಿಯಿತು. ಪಾದದ ಗಂಟು ಬನ್ನಿನಂತೆ ಊದಿತ್ತು.

"ನನ್ನ ತಮ್ಮನಿಗೆ ಕೇಳೋ ಹಾಗೆ ಹೇಳ್ಬೇಡ ಕಣೇ. ಭಾನುವಾರ ನಂದು ಫೈನಲ್ ಇದೆ."

"ಇಲ್ಲೇ ಕೂತಿದ್ದಾರಮ್ಮಾ."

"ಗೊತ್ತು! ಅವನ ಹೆಬ್ಬೆರಳು ಇಲ್ಲಿಗೆ ಬರಲ್ವಲ್ಲ ಅಂತ ಧೈರ್ಯ ಮಾಡಿದ್ದೆ."

ಹುಡುಗಿ ನಗಲಿಲ್ಲ. "ಗಂಟಿನ ಮೂಳೆಯ ಹಿಂದಿನ ಅಂಚು ಹಿಡಿದು, ನಿಮ್ಮ ಬೆರಳಿಂದಲೇ ಮೆಲ್ಲಗೆ ಒತ್ತುತ್ತಾ ಬನ್ನಿ. ನೋವಾ? ಇಲ್ಲ? ಈಗ ಗಂಟಿನ ಮುಂದೆ, ಮೆತ್ತಗಿರೋ ಕಡೆ."

"ಅಯ್ಯಯ್ಯೋ!"

"ಮೂಳೆ ಮುರಿದ ಹಾಗಿಲ್ಲ, ಉಳುಕಿದೆ. ಕಾಲು ಮೇಲಿಟ್ಟು ಐಸ್ ಇಡಿ. ನಾಳೆ ಮತ್ತೆ ನೋಡ್ತೀನಿ. ಭಾನುವಾರ ಆಟ ಇಲ್ಲ."

"ಹೇಳೋಕೆ ನೀನ್ಯಾರೇ?"

"ನಿಮ್ಮನ್ನ ನೋಡ್ಕೊಳ್ಳೋಳು." ಈ ಮಾತು ಕೊನೆಯ ಬೆಂಚಿಗೂ ಕೇಳಿಸಿತು.

"ಪಂದ್ಯಾವಳಿ ನಿಮ್ದೇ ಮೇಷ್ಟ್ರೇ," ಎಂದು ಪ್ರಿನ್ಸಿಪಾಲರು ಎದ್ದು ಬಂದು ಕೈ ಚಾಚಿದರು.

ಮೇಷ್ಟ್ರು ಕೂತೇ ಇದ್ದರು.

"ಸ್ವಲ್ಪ ತಡೀರಿ ಸಾರ್. ಎರಡೂ ಕೈ ಜೋಮು ಹಿಡಿದಿದೆ."